ಹಳೇ ಆಟೋಮ್ಯಾಟಿಕ್ ಕಾರು, ಸೋರುವ ಗೇರ್‌ಬಾಕ್ಸ್: ರಿಪೇರಿ ಆಗಿ ಎರಡು ಮಳೆಗಾಲ ಕಳೆದ ಮೇಲೆ

ಕಾರಿನ ಮೈಲೇಜು, ಸೀಟು, ಎ.ಸಿ. ಬಗ್ಗೆ ಬರೆಯುವವರು ಬಹಳ ಮಂದಿ ಇದ್ದಾರೆ. ನಾನು ಬರೆಯುತ್ತಿರುವುದು ಗೇರ್‌ಬಾಕ್ಸಿಗೆ ಮಾಡಿಸಿದ ರಿಪೇರಿ ಬಗ್ಗೆ. ಕಾರು ಸೆಕೆಂಡ್ ಹ್ಯಾಂಡ್ ಸೆಡಾನ್, ನಾಲ್ಕು ಗೇರಿನ ಹಳೇ ಕಾಲದ ಟಾರ್ಕ್ ಕನ್ವರ್ಟರ್ ಆಟೋಮ್ಯಾಟಿಕ್ (ಎಂಜಿನ್ನಿನ ತಿರುವನ್ನು ಎಣ್ಣೆಯ ಮೂಲಕ ಗೇರ್‌ಬಾಕ್ಸಿಗೆ ದಾಟಿಸುವ ಭಾಗವೇ ಕನ್ವರ್ಟರ್). ಕೆಲಸದ ದಿನ ಧಾರವಾಡದಿಂದ ಹುಬ್ಬಳ್ಳಿಗೆ ಇಪ್ಪತ್ತು ಕಿಲೋಮೀಟರ್ ಓಡಾಟ, ಆಗೊಮ್ಮೆ ಈಗೊಮ್ಮೆ ಯಲ್ಲಾಪುರ ದಾಟಿ ಅರಬೈಲ್ ಘಟ್ಟ ಇಳಿದು ಅಂಕೋಲಾ. 2014ರಲ್ಲಿ ಮಾರುತಿ ಸೆಲೆರಿಯೊ ಜೊತೆ ಬಂದ ಎಎಂಟಿ ಥರದ ಕಾರು ಇಟ್ಟುಕೊಂಡವರಿಗೆ ಇದು ಅನ್ವಯಿಸುವುದಿಲ್ಲ. ಅದು ಮ್ಯಾನುವಲ್ ಗೇರ್‌ಬಾಕ್ಸೇ. ಕ್ಲಚ್ ಒತ್ತುವ, ಗೇರ್ ಬದಲಿಸುವ ಕೆಲಸ ಮಾತ್ರ ಯಂತ್ರದ್ದು.

ನೆಲದ ಮೇಲೆ ಎಣ್ಣೆ ಕಂಡರೆ ಮೊದಲು ಅದು ಯಾವುದು ಅಂತ ಗೊತ್ತಾಗಬೇಕು. ರಾತ್ರಿ ಕಾರಿನಡಿ ರಟ್ಟು ಹಾಸಿ, ಮುಂದಿನ ಚಕ್ರಗಳು ಎಲ್ಲಿದ್ದವು ಅಂತ ಅದರ ಮೇಲೆ ಗುರುತು ಮಾಡಿಡಿ. ಬೆಳಿಗ್ಗೆ ಬಿದ್ದ ಹನಿಯನ್ನು ಬಿಳಿ ಟಿಶ್ಯೂ ಪೇಪರಿಗೆ ಒತ್ತಿದರೆ ಬಣ್ಣ ಕಾಣುತ್ತದೆ. ಕೆಂಪಿದ್ದರೆ ಎಟಿಎಫ್, ಅಂದರೆ ಆಟೋಮ್ಯಾಟಿಕ್ ಗೇರ್‌ಬಾಕ್ಸಿನ ಎಣ್ಣೆ ಇರಬಹುದು, ಪವರ್ ಸ್ಟೀರಿಂಗಿನದೂ ಇರಬಹುದು, ಯಾಕೆಂದರೆ ಎಷ್ಟೋ ಹಳೇ ಕಾರುಗಳಲ್ಲಿ ಎರಡಕ್ಕೂ ಒಂದೇ ಎಣ್ಣೆ. ಎಂಜಿನ್ ತಣಿಸುವ ಕೂಲಂಟ್ ಕೂಡ ಕೆಲವು ಕೆಂಪೇ, ಆದರೆ ಅದು ನೀರಿನಂತೆ ಹರಡುತ್ತದೆ, ಬೆರಳಿಗೆ ಜಿಡ್ಡು ಅನ್ನಿಸುವುದಿಲ್ಲ. ಎಟಿಎಫ್‌ನ ಕೆಂಪು ಬೆರೆಸಿದ ಬಣ್ಣವಷ್ಟೇ, ಹಳತಾದಂತೆ ಕಂದಾಗುತ್ತದೆ. ಹಾಗಾಗಿ ಕಂದು ಹನಿ ಕಂಡ ತಕ್ಷಣ ಎಂಜಿನ್ ಆಯಿಲ್ ಎಂದು ತೀರ್ಮಾನಿಸಬೇಡಿ. ಸುಟ್ಟ ವಾಸನೆ ಬಂದರೆ ಒಳಗಿನ ಕ್ಲಚ್ ಪ್ಲೇಟುಗಳ ಚಿಂತೆ ಮಾಡಬೇಕು, ಅದು ಸೋರಿಕೆಗಿಂತ ದೊಡ್ಡ ಖರ್ಚು.

ನನ್ನ ಕಾರಿನಲ್ಲಿ ಹನಿ ಬೀಳುತ್ತಿದ್ದುದು ಎಂಜಿನ್ ಮತ್ತು ಗೇರ್‌ಬಾಕ್ಸ್ ಕೂಡುವ ಜಾಗದ ಹತ್ತಿರ. ಮೊದಲು ತೋರಿಸಿದ ಗ್ಯಾರೇಜಿನವರು ಕೆಳಗೆ ಬಗ್ಗಿ ನೋಡಿ, "ಕನ್ವರ್ಟರ್ ಸೀಲ್ ಹೋಗೇತ್ರಿ ಸರ, ಗೇರ್‌ಬಾಕ್ಸ್ ಇಳಸಬೇಕು" ಅಂದರು. ಅವರು ಹೇಳಿದ ಮೊತ್ತಕ್ಕೆ ಸುಮಾರಾದ ಬೈಕ್ ಬರುತ್ತಿತ್ತು. ಅವರ ಊಹೆ ತೀರಾ ಅಸಂಬದ್ಧವೂ ಅಲ್ಲ. ಸೀಲ್ ಅಂದರೆ ತಿರುಗುವ ಭಾಗದ ಸುತ್ತ ಎಣ್ಣೆ ತಡೆಯುವ ರಬ್ಬರ್ ಬಳೆ. ಕನ್ವರ್ಟರ್ ಸೀಲ್ ಹೋದರೆ ಎಣ್ಣೆ ಅಲ್ಲಿಂದಲೇ ಇಳಿಯುತ್ತದೆ, ಗೇರ್‌ಬಾಕ್ಸ್ ಇಳಿಸದೆ ಅದನ್ನು ಬದಲಿಸಲು ಆಗುವುದೂ ಇಲ್ಲ. ಆದರೆ ಹನಿ ಬೀಳುವ ಜಾಗ ಬೇರೆ, ಸೋರುವ ಜಾಗ ಬೇರೆ ಇರಬಹುದು. ಮೇಲಿನ ಪೈಪಿನಿಂದ ಬಂದ ಎಣ್ಣೆ ಕೇಸಿಂಗ್ ಮೇಲೆ ಹರಿದು, ಓಡುವಾಗಿನ ಗಾಳಿಗೆ ಹಿಂದೆ ಸರಿದು, ಅತಿ ತಗ್ಗಿನ ಬೋಲ್ಟಿನಿಂದ ತೊಟ್ಟಿಕ್ಕುತ್ತದೆ.

ಗೋಕುಲ ರೋಡ್ ಕಡೆಯ ಮಿಸ್ತ್ರಿಯೊಬ್ಬರು ಹಿಡಿದ ದಾರಿ ಬೇರೆ. "ಮೊದ್ಲ ತೊಳಿಯೂಣ್ರಿ. ಈ ಹೊಲಸಿನಾಗ ಏನ್ ಕಾಣತೈತಿ?" ನಮ್ಮ ಕಡೆ ಎರಿ ಮಣ್ಣು ಎಣ್ಣೆಗೆ ಅಂಟಿತೆಂದರೆ ಡಾಂಬರಿನ ಹಾಗೆ ಗಟ್ಟಿ, ಕೆರೆದೇ ತೆಗೆಯಬೇಕು. ಡಿಗ್ರೀಸರ್ ಹಾಕಿ, ತೊಳೆದು, ಗಾಳಿ ಹೊಡೆದು ಒಣಗಿಸಿ, ಅನುಮಾನವಿದ್ದ ಕಡೆಯೆಲ್ಲ ಟಾಲ್ಕಂ ಪೌಡರ್ ಉದುರಿಸಿದರು. ನವನಗರದವರೆಗೆ ಒಂದು ಸುತ್ತು ಹೋಗಿ ಬಂದು ಲಿಫ್ಟ್ ಮೇಲೆ ಏರಿಸಿದಾಗ ಬಿಳಿ ಪುಡಿಯಲ್ಲಿ ಎರಡು ಕೆಂಪು ಗೆರೆ. ಒಂದು ರೇಡಿಯೇಟರ್‌ನಿಂದ ತಣಿದ ಎಟಿಎಫ್ ವಾಪಸ್ ತರುವ ಕೂಲರ್ ಹೋಸಿನ ಕ್ಲಿಪ್‌ನಿಂದ, ಇನ್ನೊಂದು ಎಡಗಡೆ ಚಕ್ರ ತಿರುಗಿಸುವ ಡ್ರೈವ್ ಶಾಫ್ಟ್ ಸೀಲಿನಿಂದ. ಕನ್ವರ್ಟರ್ ಕಡೆ ಪುಡಿ ಒಣಗಿಯೇ ಇತ್ತು. ಇದರಲ್ಲೂ ಕಾಣದಷ್ಟು ಸಣ್ಣ ಸೋರಿಕೆ ಇದ್ದರೆ ಎಣ್ಣೆಗೆ ಯುವಿ ಡೈ ಬೆರೆಸಿ ನೀಲಿ ಟಾರ್ಚ್ ಬಿಟ್ಟು ನೋಡುತ್ತಾರೆ, ಸೋರಿದ ಜಾಗ ಹಳದಿ ಹಸಿರಾಗಿ ಹೊಳೆಯುತ್ತದೆ.

ಶಾಫ್ಟ್ ಸೀಲಿನ ಬೆಲೆ ನಾಲ್ವರು ಖಾನಾವಳಿಯಲ್ಲಿ ರೊಟ್ಟಿ ಊಟ ಮಾಡಿದ ಬಿಲ್ಲಿನಷ್ಟೂ ಇರಲಿಲ್ಲ, ಖರ್ಚಾಗಿದ್ದೆಲ್ಲ ಮಜೂರಿಗೆ. ಒಳವ್ಯಾಸ, ಹೊರವ್ಯಾಸ, ದಪ್ಪ ಸಾಮಾನ್ಯವಾಗಿ ಸೀಲಿನ ಮೇಲೇ ಅಚ್ಚಾಗಿರುತ್ತವೆ, ಹಳೆಯದನ್ನು ಬಿಸಾಡದೆ ಅಂಗಡಿಗೆ ಒಯ್ಯಿರಿ. ಹೊಸದನ್ನು ಅಳತೆಗೆ ಸರಿಯಾದ ಪೈಪ್ ತುಂಡಿನಿಂದ ಸಮನಾಗಿ ಒತ್ತಿ ಕೂರಿಸಬೇಕು, ಅದರ ತುಟಿಗೆ ಎಟಿಎಫ್ ಸವರಬೇಕು. ಶಾಫ್ಟ್ ವಾಪಸ್ ಹಾಕುವಾಗ ಅದರ ಹಲ್ಲು ತಾಗಿದರೆ ಸಾಕು, ಹೊಸ ಸೀಲ್ ಅಲ್ಲಿಗೇ ಕೆಟ್ಟಿತು. ಹೋಸ್ ವಿಷಯದಲ್ಲಿ ಯಾರ ಮಾತೂ ಕೇಳಬೇಡಿ: ಕೂಲಂಟ್ ನೀರಿನ ಹೋಸ್ ತುಂಡು ಹಾಕಿದರೆ ಬಿಸಿ ಎಣ್ಣೆಗೆ ಅದು ಮೆತ್ತಗಾಗಿ ಉಬ್ಬುತ್ತದೆ. ಎಟಿಎಫ್‌ಗೆಂದೇ ಮಾಡಿದ ಹೋಸ್ ಬೇಕು.

ಮೂರನೆಯ ಸಂಗತಿ ನನಗೆ ಬಹಳ ಹಿಡಿಸಿತು. ಗೇರ್‌ಬಾಕ್ಸ್ ಮೇಲೆ ಉಸಿರಾಡಲು ಒಂದು ಸಣ್ಣ ಬ್ರೀದರ್ ಇರುತ್ತದೆ. ನನ್ನ ಕಾರಿನದು ಮಣ್ಣು ಕಟ್ಟಿ ಪೂರ್ತಿ ಮುಚ್ಚಿತ್ತು. ಎಣ್ಣೆ ಬಿಸಿಯಾದಾಗ ಒಳಗಿನ ಗಾಳಿ ಹಿಗ್ಗಿ, ಹೊರಗೆ ಹೋಗಲು ದಾರಿ ಇಲ್ಲದೆ ಸೀಲುಗಳನ್ನೇ ಒತ್ತುತ್ತದೆ. ಘಟ್ಟ ಹತ್ತಿ ಬಂದ ಮೇಲೆ ಸೋರಿಕೆ ಜಾಸ್ತಿ ಆಗುತ್ತಿದ್ದುದು ಇದಕ್ಕೇ ಇರಬೇಕು. ಅದನ್ನು ಬಿಡಿಸದೆ ಸೀಲ್ ಮಾತ್ರ ಬದಲಿಸಿದ್ದರೆ ಹೊಸ ಸೀಲಿನ ಮೇಲೂ ಅದೇ ಒತ್ತಡ ಬೀಳುತ್ತಿತ್ತು.

ಇದಕ್ಕೆಲ್ಲ ಮುಂಚೆ, ಸೋರಿಕೆ ನಿಲ್ಲಿಸಲೆಂದು ಎಣ್ಣೆಗೆ ಬೆರೆಸುವ ಸ್ಟಾಪ್ ಲೀಕ್ ಬಾಟಲಿಯನ್ನೂ ಬಳಸಿದ್ದೆ. ಗಟ್ಟಿಯಾದ ರಬ್ಬರನ್ನು ಅದು ಸ್ವಲ್ಪ ಉಬ್ಬಿಸುತ್ತದೆ, ಅಷ್ಟೇ. ಚಳಿಗಾಲ ಕಳೆಯುವವರೆಗೆ ಹನಿ ಕಡಿಮೆಯಾಗಿತ್ತು, ಏಪ್ರಿಲ್ ಬಿಸಿಲಿಗೆ ಮತ್ತೆ ಶುರು. ಸಡಿಲವಾದ ಕ್ಲಿಪ್ಪಿಗೆ, ಸವೆದ ಬುಷ್ಷಿಗೆ ಯಾವ ಬಾಟಲಿಯೂ ಮದ್ದಲ್ಲ. ಕಾರು ಮಾರುವ ಆಲೋಚನೆ ಇದ್ದವರು ಹಾಕುತ್ತಾರೆ. ಸೆಕೆಂಡ್ ಹ್ಯಾಂಡ್ ಕೊಳ್ಳುವವರು ಎಚ್ಚರ.

ರಿಪೇರಿ ಆದ ಮೇಲೆ ತುಂಬಿಸುವ ಎಣ್ಣೆ ಕಾರಿನ ಕೈಪಿಡಿಯಲ್ಲಿ ಹೇಳಿದ್ದೇ ಆಗಬೇಕು. ಡೆಕ್ಸ್ರಾನ್ 3, ಎಸ್‌ಪಿ 3, ಡಿಡಬ್ಲ್ಯೂ 1 ಇವೆಲ್ಲ ಬೇರೆ ಬೇರೆ ಎಟಿಎಫ್‌ಗಳು, ಒಂದರ ಜಾಗಕ್ಕೆ ಇನ್ನೊಂದು ಆಗುವಂಥವಲ್ಲ, ಸಿವಿಟಿ ಎಂಬ ಇನ್ನೊಂದು ಬಗೆಯ ಆಟೋಮ್ಯಾಟಿಕ್‌ನ ಎಣ್ಣೆಯಂತೂ ಬೇರೆಯದೇ. ಡ್ರೈನ್ ಬೋಲ್ಟ್ ಬಿಚ್ಚಿದರೆ ಪೂರ್ತಿ ಎಣ್ಣೆ ಬರುವುದಿಲ್ಲ, ಬಹಳಷ್ಟು ಕನ್ವರ್ಟರಿನಲ್ಲೇ ಉಳಿಯುತ್ತದೆ. ಬಂದಷ್ಟನ್ನು ಅಳೆದು ಅಷ್ಟನ್ನೇ ಹಾಕಿ, ಆಮೇಲೆ ಮಟ್ಟ ನೋಡಿ. ನನ್ನ ಕಾರಿನಲ್ಲಿ ಬಿಸಿ ಎಂಜಿನ್ ಓಡುತ್ತಿರುವಾಗ, ಎಲ್ಲ ಗೇರಿಗೂ ಒಮ್ಮೆ ಹಾಕಿ ಪಾರ್ಕಿಗೆ ತಂದು ಡಿಪ್‌ಸ್ಟಿಕ್ ನೋಡಬೇಕು. ಕೆಲವು ಹೋಂಡಾ ಕಾರುಗಳಲ್ಲಿ ಎಂಜಿನ್ ಆರಿಸಿ 60ರಿಂದ 90 ಸೆಕೆಂಡಿನೊಳಗೆ ನೋಡಬೇಕು, ಇನ್ನು ಕೆಲವಕ್ಕೆ ಡಿಪ್‌ಸ್ಟಿಕ್ಕೇ ಇಲ್ಲ. ಜಾಸ್ತಿ ತುಂಬಿದರೂ ತೊಂದರೆ: ಎಣ್ಣೆ ನೊರೆಯೆದ್ದು ಬ್ರೀದರ್‌ನಿಂದ ಹೊರಬರುತ್ತದೆ, ನೋಡಿದವರು ಅದನ್ನೇ ಹೊಸ ಸೋರಿಕೆ ಅಂದುಕೊಳ್ಳುತ್ತಾರೆ.

ಡಿ ಹಾಕಿದ ಮೇಲೆ ಕಾರು ಹಿಡಿಯಲು ತಡವಾದರೆ, ಆಕ್ಸಲರೇಟರ್ ಒತ್ತಿದಾಗ ಎಂಜಿನ್ ಕೂಗಿ ವೇಗ ಏರದಿದ್ದರೆ ಅಲ್ಲೇ ನಿಲ್ಲಿಸಿ. ಹಗ್ಗ ಕಟ್ಟಿ ಎಳೆಸುವುದೂ ಬೇಡ. ಮುಂದಿನ ಚಕ್ರಗಳು ನೆಲದ ಮೇಲೆ ತಿರುಗುತ್ತಿದ್ದು ಎಂಜಿನ್ ಬಂದ್ ಆಗಿದ್ದರೆ ಪಂಪ್ ಓಡುವುದಿಲ್ಲ, ಒಳಗೆ ಎಣ್ಣೆ ಹರಿಯುವುದಿಲ್ಲ. ಫ್ಲಾಟ್‌ಬೆಡ್ ತರಿಸಿ.

ಈಗಿನ ಸ್ಥಿತಿ: ಡಿಪ್‌ಸ್ಟಿಕ್ ಮಟ್ಟ ಇಳಿದಿಲ್ಲ, ರಟ್ಟು ಒಣಗಿದೆ, ರಿವರ್ಸ್ ತಡವಿಲ್ಲದೆ ಹಿಡಿಯುತ್ತದೆ. ರಿಪೇರಿಗೆ ಐದಕ್ಕೆ ನಾಲ್ಕೂವರೆ ಅಂಕ, ಸ್ಟಾಪ್ ಲೀಕ್ ಬಾಟಲಿಗೆ ಒಂದು. ಬಲಗಡೆಯ ಶಾಫ್ಟ್ ಸೀಲ್ ಇನ್ನೂ ಹಳೆಯದೇ, ಅಂಚು ಸ್ವಲ್ಪ ತೇವ ಕಾಣುತ್ತದೆ, ಹನಿ ಬಿದ್ದಿಲ್ಲ. ಹೊಸದೊಂದು ತಂದು ಡ್ಯಾಶ್‌ಬೋರ್ಡಿನಲ್ಲಿ ಇಟ್ಟಿದ್ದೇನೆ. ಮುಂದಿನ ಸಲ ಎಣ್ಣೆ ಬದಲಿಸುವಾಗ ಅದನ್ನೂ ಹಾಕಿಸುವುದು.