ಮೊದಲು ಕೇಳಬೇಕಾದ ಜಾಝ್ ಆಲ್ಬಮ್: ಮೈಲ್ಸ್ ಡೇವಿಸ್ ಅವರದೋ, ಡೇವ್ ಬ್ರೂಬೆಕ್ ಅವರದೋ?

ಟ್ರಂಪೆಟ್ ವಾದಕ ಡೇವಿಸ್ ಅವರ ‘ಕೈಂಡ್ ಆಫ್ ಬ್ಲೂ’, ಪಿಯಾನೋ ವಾದಕ ಬ್ರೂಬೆಕ್ ಅವರ ‘ಟೈಮ್ ಔಟ್’ ಎರಡೂ 1959ರಲ್ಲಿ, ನ್ಯೂಯಾರ್ಕಿನ ಒಂದೇ ಸ್ಟುಡಿಯೋದಲ್ಲಿ ಧ್ವನಿಮುದ್ರಣಗೊಂಡವು. ತಾಳದ ಲೆಕ್ಕ ಇಷ್ಟವಿದ್ದರೆ ಬ್ರೂಬೆಕ್ ಅವರ ‘ಟೈಮ್ ಔಟ್’ ಕೇಳಿ. ಅದರಲ್ಲಿನ ‘ಟೇಕ್ ಫೈವ್’ಗೆ ಐದರ ಎಣಿಕೆ, ಖಂಡಚಾಪು (ಎರಡು, ಆಮೇಲೆ ಮೂರು ಎಣಿಸುವ ಕರ್ನಾಟಕ ಸಂಗೀತದ ತಾಳ) ಬಲ್ಲ ಕೈ ತಾನಾಗಿಯೇ ತೊಡೆ ತಟ್ಟುತ್ತದೆ, ಆದರೆ ಇಲ್ಲಿ ಮೊದಲು ಮೂರು, ಆಮೇಲೆ ಎರಡು. ಪಿಯಾನೋ ಆ ಐದನ್ನು ಬಿಡದೆ ಹಿಡಿದಿರುವಾಗ ಜೋ ಮೊರೆಲ್ಲೊ ಡ್ರಮ್ಸ್‌ನಲ್ಲಿ ಮನಬಂದಂತೆ ಅಲೆದು ಬರುತ್ತಾರೆ.

ಡೇವಿಸ್ ಅವರ ‘ಕೈಂಡ್ ಆಫ್ ಬ್ಲೂ’ಗೆ ಅವಸರವಿಲ್ಲ. ಅದರ ‘ಸೋ ವಾಟ್’ನಲ್ಲಿ ಡಬಲ್ ಬಾಸ್ (ಮಂದ್ರಸ್ವರದ ದೊಡ್ಡ ತಂತಿವಾದ್ಯ) ಪ್ರಶ್ನೆ ಕೇಳಿದಂತೆ ನುಡಿಯುತ್ತದೆ, ಉಳಿದವರದು ಎರಡೇ ಪೆಟ್ಟಿನ ಉತ್ತರ. ಒಂದೇ ಸ್ವರಶ್ರೇಣಿಯಲ್ಲಿ ಬಹಳ ಹೊತ್ತು ನಿಲ್ಲುವ ಈ ಬಗೆ ರಾಗ ಕೇಳಿ ಬೆಳೆದವರಿಗೆ ಹತ್ತಿರ (ರಾಗವೇ ಎಂದುಕೊಂಡರೆ ಮಾತ್ರ ತಪ್ಪು). ಗೆಳೆಯರು ಸೇರಿದಾಗ ‘ಟೈಮ್ ಔಟ್’. ರಾತ್ರಿ ಒಬ್ಬರೇ ಇದ್ದರೆ, ನನ್ನ ಮಟ್ಟಿಗೆ, ಸ್ಯಾಕ್ಸೊಫೋನ್ ವಾದಕ ಜಾನ್ ಕೋಲ್ಟ್ರೇನ್ ಇರುವ ‘ಕೈಂಡ್ ಆಫ್ ಬ್ಲೂ’ವೇ.