ಅಜ್ಜನ ರೈಫಲ್ಲಿನ ಊರು ಹುಡುಕಿಕೊಟ್ಟ ಹುಬ್ಬಳ್ಳಿ ಅಂಗಡಿ

ಹುಬ್ಬಳ್ಳಿಯ ದುರ್ಗದ ಬೈಲಿನಿಂದ ಸ್ವಲ್ಪ ಒಳಗೆ ಹೋದರೆ ಒಂದು ಹಳೇ ಬಂದೂಕಿನ ಅಂಗಡಿ ಇದೆ. ಮಾರಾಟ ಕಡಿಮೆ, ರಿಪೇರಿ ಜಾಸ್ತಿ. ಹೆಸರು ಹಾಕಬೇಡಿ, ಸುಮ್ನೆ ನೋಡೋಕೆ ಬರೋರು ಹೆಚ್ಚಾಗ್ತಾರೆ ಅಂತ ಮಾಲೀಕರೇ ಹೇಳಿದ್ದಾರೆ. ಹಾಗಾಗಿ ಹಾಕುತ್ತಿಲ್ಲ. ಮನೆಯಲ್ಲಿ ಹಿರಿಯರ ಬಂದೂಕು ಇದ್ದು, ಮಾಡಿದವರು ಯಾರು ಅಂತ ಗೊತ್ತಿಲ್ಲದವರು ವಿಚಾರಿಸಿಕೊಂಡು ಹೋಗಬಹುದು.

ನಮ್ಮದು ಗದಗ ಕಡೆಯ ಹಳ್ಳಿ. ಅಜ್ಜನ ಸಣ್ಣ ರೈಫಲ್ ಅಪ್ಪನ ನಂತರ ನನ್ನ ಲೈಸೆನ್ಸಿಗೆ ಸೇರಿದೆ. ನಳಿಗೆಯ ಮೇಲೆ 'ಅಂಡ್ ಕೋ, ಬಾಂಬೆ' ಅನ್ನುವಷ್ಟು ಮಾತ್ರ ಓದೋಕೆ ಬರುತ್ತದೆ. ಮನೆಮಂದಿಗೆಲ್ಲ ಅದು 'ಇಂಗ್ಲೆಂಡ್ ಬಂದೂಕು'. ಹಿಂದೆ ಬೇರೆ ಊರಿನ ರಿಪೇರಿಯವರೊಬ್ಬರು ಹೊಸದರ ಹಾಗೆ ಮಾಡಿಕೊಡ್ತೀನಿ ಅಂತ ಎಮರಿ ಪೇಪರ್ ಹಾಕಿ ತಿಕ್ಕಿದ್ದರು. ಅರ್ಧ ಹೆಸರು ಹೋಗಿದ್ದು ಆಗಲೇ. ಅದನ್ನು ನೋಡಿದ ಕೂಡಲೇ ಹುಬ್ಬಳ್ಳಿಯವರು ಮುಖ ಕಿವುಚಿದರು.

ಮೊದಲು ಲೈಸೆನ್ಸ್ ಕೇಳಿದರು. ಆಮೇಲೆ ಬಂದೂಕು ತೆರೆದು ಒಳಗೆ ತೋಟಾ ಇಲ್ಲ ಅಂತ ಖಾತ್ರಿ ಮಾಡಿಕೊಂಡರು. ನಾನು ಹೆಸರಿನ ಮೇಲೆ ಬೆರಳಿಟ್ಟು ತೋರಿಸಿದೆ.

"ಅದನ್ನ ಬಿಡ್ರಿ ಸರ, ಅದು ಮಾರಿದಾಂವನ ಹೆಸರು. ಮಾಡಿದಾಂವನ ಗುರುತು ಕೆಳಗ ಇರತೈತಿ."

ಬಂದೂಕಿನ ಕಟ್ಟಿಗೆಯ ಹಿಡಿಯಿಂದ ನಳಿಗೆ ಬೇರೆ ಮಾಡಿ, ಸೀಮೆಎಣ್ಣೆ ಅದ್ದಿದ ಬಟ್ಟೆಯಿಂದ ಮೆಲ್ಲಗೆ ಒರೆಸಿದರು. ಬ್ರಷ್ ಸಹ ಮುಟ್ಟಲಿಲ್ಲ. ಟಾರ್ಚನ್ನು ನೇರ ಹಿಡಿಯದೆ ಓರೆಯಾಗಿ ಹಿಡಿದರು. ನೆರಳು ಬಿದ್ದು ಅಕ್ಷರ ಎದ್ದು ಕಂಡವು. ಮೊಟ್ಟೆಯಾಕಾರದ ಗೆರೆಯೊಳಗೆ ಇ, ಎಲ್, ಜಿ. ಅದರ ಕೆಳಗೆ ಪುಟ್ಟ ನಕ್ಷತ್ರ, ಗೆರೆಯ ನೆತ್ತಿಗೆ ಕಿರೀಟ. ಇಂಗ್ಲೆಂಡೂ ಅಲ್ಲ, ಬಾಂಬೆಯೂ ಅಲ್ಲ. ಬೆಲ್ಜಿಯಂನ ಲಿಯೇಜ್ ಊರಿನ ಪರೀಕ್ಷಾ ಮುದ್ರೆ, ಅಂದರೆ ನಳಿಗೆ ಒತ್ತಡ ತಡೆಯುತ್ತದೆ ಅಂತ ಪರೀಕ್ಷೆ ಮಾಡಿ ಹೊಡೆಯುವ ಗುರುತು!

ಇಲ್ಲಿಂದ ಮುಂದೆ ಅವರ ಮಾತು ಕೇಳೋದೇ ಒಂದು ಮಜಾ. ಆ ಮುದ್ರೆಗೆ ಕಿರೀಟ ಬಂದಿದ್ದು 1893ರಲ್ಲಿ. 1922ರಿಂದ ವರ್ಷ ತಿಳಿಸುವ ಒಂದೊಂದು ಅಕ್ಷರವನ್ನೂ ಹೊಡೆಯತೊಡಗಿದರು. ನಮ್ಮದರಲ್ಲಿ ಕಿರೀಟ ಇದೆ, ಆ ಅಕ್ಷರ ಇಲ್ಲ. ಅಂದರೆ ಈ ಎರಡರ ನಡುವೆ ಹುಟ್ಟಿದ್ದು. 1914ರಲ್ಲಿ ಜರ್ಮನಿ ಆ ಊರನ್ನು ಹಿಡಿದುಕೊಂಡಿತಲ್ಲ, ಅದಕ್ಕೂ ಮೊದಲೇ ಇರಬೇಕು ಅನ್ನೋದು ಅವರ ಅಂದಾಜು. ಲಿಯೇಜ್‌ನಲ್ಲಿ ಎಷ್ಟೋ ಕೆಲಸಗಾರರು ಮನೆಯಲ್ಲೇ ಕೂತು ಬಿಡಿಭಾಗ ಮಾಡುತ್ತಿದ್ದರು. ವ್ಯಾಪಾರಿಗಳು ಅದನ್ನು ಜೋಡಿಸಿ, ಕೊಳ್ಳುವವನು ಹೇಳಿದ ಹೆಸರು ಕೆತ್ತಿ ಕಳಿಸುತ್ತಿದ್ದರು. ಅದಕ್ಕೇ ಯಾವ ಪುಸ್ತಕದಲ್ಲೂ ಸಿಗದ ಹೆಸರುಗಳು ಇಷ್ಟೊಂದು.

ಬೇಗ ಮುಚ್ಚಿಹೋದ ಕಂಪನಿಗಳ ಕಥೆಯಂತೂ ಅವರ ಬಾಯಿತುದಿಯಲ್ಲೇ ಇವೆ. ಅಮೆರಿಕದ ಮೇನ್ ರಾಜ್ಯದಲ್ಲಿ 1873ರಲ್ಲಿ ಶುರುವಾದ ಇವಾನ್ಸ್ ಕಂಪನಿ ಬಟ್‌ನೊಳಗೆ (ಹೆಗಲಿಗೆ ಆನಿಸುವ ಹಿಂಭಾಗ) ಸ್ಕ್ರೂ ಥರದ ಮ್ಯಾಗಜಿನ್ ಕೂರಿಸಿ 34 ತೋಟಾ ತುಂಬುವ ರೈಫಲ್ ಮಾಡಿತ್ತಂತೆ. 1879ಕ್ಕೇ ಬಾಗಿಲು ಹಾಕಿತು. ಅದರ ತೋಟಾ ಬೇರೆ ಯಾವ ಬಂದೂಕಿಗೂ ಆಗದ್ದು. ಆ ತೋಟಾ ಸಿಗೋದು ನಿಂತ ಮೇಲೆ ಆ ರೈಫಲ್ ಬರೀ ಗೋಡೆಗೆ ತಾನೇ? ಇಂಥದ್ದನ್ನೆಲ್ಲ ಕೂಡಿಡುವ ಆಸೆ ನನಗೂ ಇದೆ. ಆದರೆ ಶಸ್ತ್ರಾಸ್ತ್ರ ಕಾಯ್ದೆಗೆ 2019ರ ತಿದ್ದುಪಡಿ ಆದ ಮೇಲೆ ನಮ್ಮಲ್ಲಿ ಒಬ್ಬರಿಗೆ ಎರಡೇ ಬಂದೂಕು, ಹಿರಿಯರಿಂದ ಬಂದದ್ದೂ ಅದರಲ್ಲೇ ಲೆಕ್ಕ. ಹಾಗಾಗಿ ನಾನು ಮುದ್ರೆಗಳ ಫೋಟೋ ಕೂಡಿಡುತ್ತೇನೆ. ಅದಕ್ಕೆ ಲೈಸೆನ್ಸ್ ಬೇಕಿಲ್ಲ.

ನನಗೆ ಬಹಳ ಹಿಡಿಸಿದ್ದು ಇನ್ನೊಂದು. ಒಂದು ಡಬ್ಬಿ ತೋಟಾ ಕೊಡಿ ಅಂದರೆ ಚೊಕ್ಕ ಇಲ್ಲ ಅಂದರು. ಇದು ಫ್ಲೋಬರ್ಟ್ ಮಾದರಿ, ಮದ್ದು ಇದ್ದೂ ಇಲ್ಲದಂಥ ಚಿಕ್ಕ ತೋಟಾಕ್ಕೆ ಮಾಡಿದ್ದು. ಈಗಿನ ಪಾಯಿಂಟ್ ಟೂಟೂ (0.22 ಇಂಚು ಅಳತೆಯ) ತೋಟಾದ ಒತ್ತಡ ತಡೆಯೋದಿಲ್ಲ. "ಹಿಂದಕ ಸಿಡಿದರ ಕಣ್ಣ ಹೋಗತಾವ್ರಿ." ಬರುವ ದುಡ್ಡು ಬೇಡ ಅನ್ನುವ ಅಂಗಡಿಯವರು ಎಷ್ಟು ಜನ ಸಿಗ್ತಾರೆ?

ಗುರುತು ಹಿಡಿದಿದ್ದಕ್ಕೆ 500 ರೂಪಾಯಿ ತಗೊಂಡರು. ಜಾಸ್ತಿ ಅನ್ನಿಸಲಿಲ್ಲ. ಆದರೆ ಹೇಳಿದ್ದನ್ನು ಬರೆದುಕೊಡಿ ಅಂದರೆ ಒಪ್ಪೋದಿಲ್ಲ, ನೀವೇ ಬರೆದುಕೊಳ್ಳಬೇಕು. ಫೋನ್ ಎತ್ತೋದಿಲ್ಲ. ಕಾರು ತಂದರೆ ನಿಲ್ಲಿಸೋಕೆ ಜಾಗವೂ ಇಲ್ಲ. ಇನ್ನು ರಿಪೇರಿಗೆ ಕೊಡುವವರು ತಾಳ್ಮೆ ಇಟ್ಟುಕೊಂಡೇ ಕೊಡಿ. ನಮ್ಮ ರೈಫಲ್ಲಿನ ಕುದುರೆ, ಅಂದರೆ ತೋಟಾಕ್ಕೆ ಬಡಿಯುವ ಸುತ್ತಿಗೆ, ಎಳೆದಿಟ್ಟರೆ ನಿಲ್ಲುತ್ತಿರಲಿಲ್ಲ, ಕೈಯಲ್ಲೇ ಸ್ಪ್ರಿಂಗ್ ಮಾಡಿ ದೀಪಾವಳಿಗೆ ಕೊಡ್ತೀನಿ ಅಂದಿದ್ದರು. ಯುಗಾದಿ ಆಯಿತು, ಸ್ಪ್ರಿಂಗ್ ಇನ್ನೂ ಬಂದಿಲ್ಲ.