ಪ್ರಯೋಗಾಲಯದ 8 ಆಂಪಿಯರ್ ಡಿಮ್ಮರ್‌ಸ್ಟ್ಯಾಟ್: ದೀರ್ಘ ಬಳಕೆಯ ವಿಮರ್ಶೆ

ನಮ್ಮ ಪಾಲಿಟೆಕ್ನಿಕ್‌ನ ಎಲೆಕ್ಟ್ರಿಕಲ್ ಲ್ಯಾಬ್‌ನಲ್ಲಿ ಸಿಂಗಲ್ ಫೇಸ್, 8 ಆಂಪಿಯರ್, 0–270 ವೋಲ್ಟ್ ಸಾಮರ್ಥ್ಯದ ಡಿಮ್ಮರ್‌ಸ್ಟ್ಯಾಟ್‌ಗಳು (ಗುಂಡಿ ತಿರುಗಿಸಿ ಎಸಿ ವೋಲ್ಟೇಜನ್ನು ಬೇಕಾದಷ್ಟಕ್ಕೆ ಹೊಂದಿಸುವ ಉಪಕರಣ) ಹಲವು ವರ್ಷಗಳಿಂದ ಬಳಕೆಯಲ್ಲಿವೆ. ಉಪಕರಣದ ಗುಣಮಟ್ಟದ ಬಗ್ಗೆ ದೂರುವಂಥದ್ದು ಹೆಚ್ಚೇನೂ ಇಲ್ಲ. ಗುಂಡಿ ನಯವಾಗಿ ತಿರುಗುತ್ತದೆ, ವೈಂಡಿಂಗ್ (ತಂತಿಯ ಸುರುಳಿ) ಅಚ್ಚುಕಟ್ಟಾಗಿದೆ, ಗುಂಡಿಯೊಡನೆ ಸುರುಳಿಯ ಮೇಲೆ ಜಾರಿ ಔಟ್‌ಪುಟ್ ಕೊಡುವ ಕಾರ್ಬನ್ ಬ್ರಷ್ ಹೊರತು ಬೇರೆ ಭಾಗ ಬದಲಾಯಿಸುವ ಸಂದರ್ಭ ಬಂದಿಲ್ಲ. ಆದರೆ ಜೊತೆಗೆ ಬರುವ ಸೂಚನಾ ಹಾಳೆಯಲ್ಲಿ ಇನ್‌ಪುಟ್ ವೋಲ್ಟೇಜ್ ಎಷ್ಟೆಂಬುದನ್ನು ಬಿಟ್ಟರೆ, ಇದನ್ನು ಮೇನ್ಸ್‌ಗೆ ಹೇಗೆ ಜೋಡಿಸಬೇಕು ಎಂಬ ಮಾತೇ ಇಲ್ಲ. ವಿದ್ಯಾರ್ಥಿಗಳು ಕೈಯಿಟ್ಟು ಕೆಲಸ ಮಾಡುವ ಉಪಕರಣಕ್ಕೆ ಇದು ಸಣ್ಣ ಕೊರತೆಯಲ್ಲ. ಹಾಗಾಗಿ ಈ ವಿಮರ್ಶೆಯ ಬಹುಭಾಗವನ್ನು ಜೋಡಣೆಗೇ ಕೊಡುತ್ತಿದ್ದೇನೆ.

ಡಿಮ್ಮರ್‌ಸ್ಟ್ಯಾಟ್ ಒಂದು ಆಟೋ ಟ್ರಾನ್ಸ್‌ಫಾರ್ಮರ್. ಇದರಲ್ಲಿ ಇರುವುದು ಒಂದೇ ವೈಂಡಿಂಗ್. ಒಂದು ಟರ್ಮಿನಲ್ ಇನ್‌ಪುಟ್‌ಗೂ ಔಟ್‌ಪುಟ್‌ಗೂ ಸಮಾನವಾಗಿರುತ್ತದೆ. ಆ ಸಮಾನ ಟರ್ಮಿನಲ್‌ಗೆ ನ್ಯೂಟ್ರಲ್ಲೇ ಬರಬೇಕು. ಗೋಡೆಯ ಸಾಕೆಟ್‌ನಲ್ಲಿ ಫೇಸ್ ಮತ್ತು ನ್ಯೂಟ್ರಲ್ ಅದಲುಬದಲಾಗಿದ್ದರೆ, ಗುಂಡಿ ಸೊನ್ನೆಯಲ್ಲಿದ್ದು ವೋಲ್ಟ್‌ಮೀಟರ್ ಮುಳ್ಳು ಅಲುಗಾಡದಿದ್ದರೂ, ಔಟ್‌ಪುಟ್‌ನ ಎರಡೂ ಟರ್ಮಿನಲ್‌ಗಳು ಭೂಮಿಗೆ ಹೋಲಿಸಿದರೆ 230 ವೋಲ್ಟ್‌ನಲ್ಲಿರುತ್ತವೆ. ನಮ್ಮ ಲ್ಯಾಬ್‌ನ ಹಳೆಯ ಬೆಂಚೊಂದರಲ್ಲಿ ಇದು ಕಣ್ಣಿಗೇ ಕಂಡಿತು: ಗುಂಡಿ ಸೊನ್ನೆಯಲ್ಲಿರುವಾಗ ಟೆಸ್ಟರ್ ಮುಟ್ಟಿಸಿದರೆ ಎರಡೂ ಕಡೆ ನಿಯಾನ್ ದೀಪ ಹೊತ್ತಿಕೊಂಡಿತು. 23 ವೋಲ್ಟ್‌ಗೆ ತಿರುಗಿಸಿದಾಗಲೂ ಒಂದು ತುದಿ 230ರಲ್ಲಿ, ಇನ್ನೊಂದು 207ರಲ್ಲಿ ಇರುತ್ತದೆ. ಮೀಟರ್ ಮಾತ್ರ 23 ಎಂದೇ ತೋರಿಸುತ್ತದೆ. ಅರ್ಥ್ ಪಿನ್ ಮೇಲಿರುವಂತೆ ಎದುರಿನಿಂದ ನೋಡಿದಾಗ ಸಾಕೆಟ್‌ನ ಬಲಗಡೆ ಫೇಸ್ ಇರಬೇಕೆಂಬ ನಿಯಮವನ್ನು ಪ್ರತಿ ಬೆಂಚಿನಲ್ಲೂ ಪರೀಕ್ಷಿಸಿದ ಮೇಲೆಯೇ ಡಿಮ್ಮರ್‌ಸ್ಟ್ಯಾಟ್ ಜೋಡಿಸಬೇಕು. ಯಾವುದಾದರೊಂದು ದಿನ ದುರಸ್ತಿಗೆ ಬಂದವರು ತಂತಿಗಳನ್ನು ಅದಲುಬದಲು ಮಾಡಿಹೋಗಬಹುದು ಎಂಬ ಕಾರಣಕ್ಕೇ ಫೇಸ್, ನ್ಯೂಟ್ರಲ್ ಎರಡನ್ನೂ ಒಟ್ಟಿಗೆ ಕಡಿಯುವ ಡಬಲ್ ಪೋಲ್ ಎಂಸಿಬಿ (ಕರೆಂಟ್ ಮಿತಿಮೀರಿದರೆ ತಾನೇ ಬೀಳುವ ಸ್ವಿಚ್) ಹಾಕಿಸಿದ್ದೇವೆ.

ಎಂಸಿಬಿ ಆರಿಸುವಾಗ ಇನ್ನೊಂದು ತೊಡಕಿದೆ. ಉಂಗುರದಾಕಾರದ ಕೋರ್ ಇರುವುದರಿಂದ ಸ್ವಿಚ್ ಹಾಕಿದ ಕ್ಷಣದಲ್ಲಿ ಇದು ಹಲವು ಪಟ್ಟು ಕರೆಂಟ್ ಎಳೆಯುತ್ತದೆ. ತನ್ನ ರೇಟಿಂಗ್‌ನ ಮೂರರಿಂದ ಐದು ಪಟ್ಟು ಕರೆಂಟಿಗೇ ಟ್ರಿಪ್ ಆಗುವ ಬಿ ಮಾದರಿ ಇದಕ್ಕೆ ಒಗ್ಗುವುದಿಲ್ಲ. ಐದರಿಂದ ಹತ್ತು ಪಟ್ಟಿಗೆ ಟ್ರಿಪ್ ಆಗುವ ಸಿ ಮಾದರಿ ನಮ್ಮಲ್ಲಿ ಸರಿಹೋಗಿದೆ. ಗುಂಡಿಯನ್ನು ಸೊನ್ನೆಗೆ ತಂದು ಸ್ವಿಚ್ ಹಾಕಿದರೆ ಎಂಸಿಬಿ ಬೀಳುವುದಿಲ್ಲ ಎಂದು ಹಲವರು ನಂಬಿದ್ದಾರೆ. ಗುಂಡಿ ಎಲ್ಲಿದ್ದರೂ ಇನ್‌ಪುಟ್ ಭಾಗಕ್ಕೆ ಪೂರ್ಣ ವೋಲ್ಟೇಜ್ ಬೀಳುವುದರಿಂದ ಅದು ನಿಜವಲ್ಲ. ಸೊನ್ನೆಗೆ ತರುವ ಅಭ್ಯಾಸ ಅತ್ಯಗತ್ಯವೇ, ಆದರೆ ಅದು ಕಾಪಾಡುವುದು ಮುಂದೆ ಜೋಡಿಸಿದ ಮೀಟರು, ಮೋಟಾರುಗಳನ್ನು.

ಇದಕ್ಕಿಂತ ಮುಖ್ಯವಾದದ್ದು ಔಟ್‌ಪುಟ್ ಫ್ಯೂಸ್. ಇನ್‌ಪುಟ್‌ನಲ್ಲಿ 10 ಆಂಪಿಯರ್ ಎಂಸಿಬಿ ಇದೆಯಲ್ಲ ಎಂದು ಸುಮ್ಮನಾಗುವವರಿಗೆ ಟ್ರಾನ್ಸ್‌ಫಾರ್ಮರ್‌ನ ಶಾರ್ಟ್ ಸರ್ಕ್ಯೂಟ್ ಟೆಸ್ಟ್ (ಒಂದು ಬದಿಯನ್ನು ಶಾರ್ಟ್ ಮಾಡಿ ಇನ್ನೊಂದಕ್ಕೆ ಕಡಿಮೆ ವೋಲ್ಟೇಜ್ ಕೊಡುವ ಪರೀಕ್ಷೆ) ಉದಾಹರಣೆ ಕೊಡುತ್ತೇನೆ. 1 ಕೆವಿಎ ಟ್ರಾನ್ಸ್‌ಫಾರ್ಮರ್‌ನ ಇಂಪೀಡೆನ್ಸ್ (ಎಸಿ ಕರೆಂಟಿಗೆ ಒಡ್ಡುವ ತಡೆ) ಶೇಕಡಾ 5 ಎಂದಿಟ್ಟುಕೊಂಡರೆ, 230 ವೋಲ್ಟ್ ಬದಿಗೆ ಬರೀ 11.5 ವೋಲ್ಟ್ ಕೊಟ್ಟಾಗ ಅದರ ಪೂರ್ಣ ಕರೆಂಟ್, ಅಂದರೆ ಸುಮಾರು 4.3 ಆಂಪಿಯರ್, ಹರಿಯುತ್ತದೆ. ವಿದ್ಯಾರ್ಥಿಯ ಕೈ ಕೊಂಚ ಮುಂದೆ ಹೋಗಿ ಗುಂಡಿ 46 ವೋಲ್ಟ್ ತಲುಪಿದರೆ 17 ಆಂಪಿಯರ್ ದಾಟುತ್ತದೆ. ಬ್ರಷ್ ತಾಳಿಕೊಳ್ಳಬೇಕಾದದ್ದು 8 ಆಂಪಿಯರ್ ಮಾತ್ರ. ಆದರೆ ಅದೇ ಹೊತ್ತಿನಲ್ಲಿ ಮೇನ್ಸ್‌ನಿಂದ ಬರುತ್ತಿರುವುದು (46 ವೋಲ್ಟ್ 230ರ ಐದನೇ ಒಂದು ಪಾಲಾದ್ದರಿಂದ) ಅದರ ಐದನೇ ಒಂದು ಪಾಲು, ಸುಮಾರು 3.5 ಆಂಪಿಯರ್. ಬ್ರಷ್ ಕೆಂಪಗೆ ಕಾದು ಅದರಡಿಯ ಸುತ್ತುಗಳು ಸುಡುತ್ತಿದ್ದರೂ ಎಂಸಿಬಿಗೆ ಏನೂ ಗೊತ್ತಾಗುವುದಿಲ್ಲ. ಬ್ರಷ್‌ನಿಂದ ಬರುವ ತಂತಿಯಲ್ಲಿ 8 ಆಂಪಿಯರ್ ಫ್ಯೂಸ್ ಇಲ್ಲದೆ ಈ ಉಪಕರಣವನ್ನು ಮಕ್ಕಳ ಕೈಗೆ ಕೊಡಬಾರದು. ತಯಾರಕರು ಇದನ್ನು ಒಳಗೇ ಅಳವಡಿಸಿಕೊಟ್ಟಿದ್ದರೆ ಎಷ್ಟೋ ಚೆನ್ನಾಗಿತ್ತು.

ಅರ್ಥಿಂಗ್ ವಿಷಯದಲ್ಲಿ ರಾಜಿಯಿಲ್ಲ. ಲೋಹದ ಕವಚದ ಅರ್ಥ್ ಬೋಲ್ಟ್‌ಗೆ ಹಸಿರು-ಹಳದಿ ತಂತಿಯನ್ನು ಲಗ್ ಹಾಕಿ ಬಿಗಿಯಬೇಕು. ಪ್ಲಗ್‌ನ ಒಳಗೆ ಅರ್ಥ್ ತಂತಿಯನ್ನು ಉಳಿದೆರಡಕ್ಕಿಂತ ಸ್ವಲ್ಪ ಉದ್ದ ಬಿಡಬೇಕು, ಕೇಬಲ್ ಜಗ್ಗಿದರೆ ಕೊನೆಗೆ ಕಿತ್ತುಬರುವುದು ಅದೇ ಆಗಿರಲಿ. ಬೆಂಚಿನ ಲೈನಿಗೆ 30 ಮಿಲಿ ಆಂಪಿಯರ್‌ನ ಆರ್‌ಸಿಸಿಬಿ (ಕರೆಂಟ್ ಭೂಮಿಗೆ ಸೋರಿದರೆ ಲೈನ್ ಕಡಿಯುವ ಸಾಧನ) ಇದ್ದು, ಅದರ ಟೆಸ್ಟ್ ಬಟನ್ನನ್ನು ಆಗಾಗ ಒತ್ತಿ ನೋಡುತ್ತೇವೆ. ಒಂದು ಕೈ ಫೇಸ್‌ಗೆ, ಇನ್ನೊಂದು ಕೈ ನ್ಯೂಟ್ರಲ್‌ಗೆ ತಗುಲಿ ಕರೆಂಟ್ ಭೂಮಿಗೆ ಸೋರದೇ ಹೋದರೆ ಅದು ಬೀಳುವುದಿಲ್ಲ ಎಂಬುದನ್ನು ವಿದ್ಯಾರ್ಥಿಗಳಿಗೆ ಮೊದಲ ತರಗತಿಯಲ್ಲೇ ಹೇಳಬೇಕು.

ಎಸಿಯನ್ನು ಡಿಸಿ ಮಾಡುವ ರೆಕ್ಟಿಫೈಯರ್ ಪ್ರಯೋಗಗಳಲ್ಲಿ ಸಿಆರ್‌ಒ (ವೋಲ್ಟೇಜ್‌ನ ಅಲೆಯನ್ನು ಪರದೆಯಲ್ಲಿ ತೋರಿಸುವ ಉಪಕರಣ) ಬಳಸುವಾಗ ಡಿಮ್ಮರ್‌ಸ್ಟ್ಯಾಟ್ ಒಂದೇ ಸಾಲದು. ಸಿಆರ್‌ಒ ಪ್ರೋಬ್‌ನ ಗ್ರೌಂಡ್ ಕ್ಲಿಪ್ ಅರ್ಥ್‌ಗೆ ಸೇರಿರುವುದರಿಂದ, ಮೇನ್ಸ್‌ನೊಡನೆ ನೇರ ಸಂಪರ್ಕವಿರುವ ಡಯೋಡ್ ಬ್ರಿಡ್ಜ್‌ನ ಋಣ ತುದಿಗೆ ಅದನ್ನು ಸಿಕ್ಕಿಸಿದರೆ ಡಯೋಡ್ ಮೂಲಕ ಶಾರ್ಟ್ ಆಗುತ್ತದೆ. ಕೆಲವೆಡೆ ಇದಕ್ಕೆ ಪರಿಹಾರವೆಂದು ಸಿಆರ್‌ಒ ಪ್ಲಗ್‌ನ ಅರ್ಥ್ ತಂತಿಯನ್ನೇ ಕಳಚುತ್ತಾರೆ. ಆಗ ಸಿಆರ್‌ಒದ ಮೈಯೇ ಮೇನ್ಸ್‌ನ ವೋಲ್ಟೇಜ್ ಹೊತ್ತು ನಿಲ್ಲುತ್ತದೆ. ಇದನ್ನು ಯಾವ ಕಾರಣಕ್ಕೂ ಒಪ್ಪಬಾರದು. ಡಿಮ್ಮರ್‌ಸ್ಟ್ಯಾಟ್‌ನ ಮುಂದೆ 1:1 ಐಸೊಲೇಷನ್ ಟ್ರಾನ್ಸ್‌ಫಾರ್ಮರ್ (ವೋಲ್ಟೇಜ್ ಬದಲಿಸದೆ ಮೇನ್ಸ್‌ನೊಡನೆ ನೇರ ಸಂಪರ್ಕ ತಪ್ಪಿಸುವಂಥದ್ದು) ಇಡುವುದೇ ಸರಿಯಾದ ದಾರಿ. ಆದರೆ ಅದರ ಸೆಕೆಂಡರಿ ಕಡೆ ಏನಾದರೂ ಅನಾಹುತವಾದರೆ ಹಿಂದಿನ ಆರ್‌ಸಿಸಿಬಿ ಸ್ಪಂದಿಸುವುದಿಲ್ಲ, ಎರಡೂ ತಂತಿ ಒಟ್ಟಿಗೆ ಮುಟ್ಟಿದರೆ ಶಾಕ್ ತಪ್ಪಿದ್ದಲ್ಲ. ಆದ್ದರಿಂದ ಸರ್ಕ್ಯೂಟ್ ಬದಲಿಸುವ ಮುನ್ನ ಸ್ವಿಚ್ ತೆಗೆಯುವುದು, ಕೆಪಾಸಿಟರ್ ಡಿಸ್ಚಾರ್ಜ್ ಮಾಡುವುದು ಇಲ್ಲಿಯೂ ಕಡ್ಡಾಯ.

ನಿರ್ವಹಣೆ ಸುಲಭ. ಪ್ಲಗ್ ಕಿತ್ತು, ಬ್ರಷ್ ಓಡುವ ತಾಮ್ರದ ಹಾದಿಯ ಕಪ್ಪು ಪುಡಿಯನ್ನು ಒಣ ಬಟ್ಟೆಯಿಂದ ಒರೆಸಿ, ಸ್ಪ್ರಿಂಗ್‌ನ ಒತ್ತಡ ನೋಡಿದರೆ ಸಾಕು.

ಹೊಸದಾಗಿ ಕೊಳ್ಳುವವರು ಓಪನ್ ಮಾದರಿಯ ಬದಲು ಪೂರ್ತಿ ಮುಚ್ಚಿದ ಕವಚದ್ದನ್ನೇ ಕೇಳಲಿ. ಬರಿಯ ಸ್ಕ್ರೂ ಟರ್ಮಿನಲ್‌ಗಳಿದ್ದರೆ ಬೇಡವೆನ್ನಲಿ, ಬೆರಳು ತಾಗದಂತೆ ಮುಚ್ಚಿದ ಸಾಕೆಟ್‌ಗಳು ಸಿಗುತ್ತವೆ. ಫ್ಯೂಸ್ ಹೋಲ್ಡರ್ ಮತ್ತು ಹೆಚ್ಚುವರಿ ಬ್ರಷ್‌ಗಳನ್ನು ಅದೇ ಆರ್ಡರ್‌ನಲ್ಲಿ ಸೇರಿಸುವುದು ಒಳ್ಳೆಯದು, ಆಮೇಲೆ ಬಿಡಿಭಾಗಕ್ಕಾಗಿ ಬೇರೆ ಮಂಜೂರಾತಿ ಪಡೆಯಲು ತಿಂಗಳುಗಳೇ ಹಿಡಿಯುತ್ತವೆ.